ಯಮನಕ ಕೋಟೆ: ಕಲ್ಲಿಲ್ಲದೆ ಕಟ್ಟಿದ ದುರ್ಗ

ಜಪಾನಿನ ಕೋಟೆಯೆಂದರೆ ಅಂತಸ್ತಿನ ಮೇಲೆ ಅಂತಸ್ತು ಏರಿದ ಬಿಳಿ ಗೋಪುರವನ್ನೇ ನಿರೀಕ್ಷಿಸುವವರಿಗೆ ಶಿಜುಒಕಾ ಪ್ರಾಂತ್ಯದ ಮಿಶಿಮಾ ನಗರಕ್ಕೆ ಸೇರಿದ ಯಮನಕ ಕೋಟೆ ಮೊದಲ ನೋಟಕ್ಕೆ ನಿರಾಸೆ ಉಂಟುಮಾಡಬಹುದು. ಇಲ್ಲಿ ಗೋಪುರವಿಲ್ಲ, ಚಿತ್ರದುರ್ಗದಲ್ಲಿರುವಂತಹ ಕಲ್ಲಿನ ಸುತ್ತುಗೋಡೆಯಂತೂ ಇಲ್ಲವೇ ಇಲ್ಲ. ಹಕೊನೆ ಬೆಟ್ಟದ ಪಶ್ಚಿಮ ಇಳಿಜಾರಿನಲ್ಲಿ, ಸುಮಾರು 580 ಮೀಟರ್ ಎತ್ತರದಲ್ಲಿ, ನೆಲವನ್ನು ಅಗೆದು ಆ ಮಣ್ಣನ್ನೇ ದಿಬ್ಬವಾಗಿ ಒಟ್ಟಿ ಪೂರ್ವ ಜಪಾನನ್ನು ಆಳುತ್ತಿದ್ದ ಹೋಜೋ ಮನೆತನದವರು 1560ರ ದಶಕದಲ್ಲಿ ಕಟ್ಟಿಸಿದ ಕೋಟೆಯಿದು.

ನೋಡಬೇಕಾದದ್ದು ಕಂದಕಗಳನ್ನು. ಪಶ್ಚಿಮದ ಅಂಗಳವನ್ನು ಸುತ್ತುವರಿದಿರುವ ಶೋಜಿಬೊರಿ ಎಂಬ ಕಂದಕದ ತಳದಲ್ಲಿ ಅಡ್ಡಡ್ಡಲಾಗಿ ಮಣ್ಣಿನ ಏರಿಗಳನ್ನು ಉಳಿಸಿದ್ದಾರೆ. ಮೇಲಿನಿಂದ ಅವು ನಮ್ಮ ಗದ್ದೆಗಳ ಬದುಗಳಂತೆ ಕಾಣುತ್ತವೆಯಾದರೂ ಅವುಗಳ ಉದ್ದೇಶ ಕ್ರೂರವಾದದ್ದು. ಕೆಳಗಿಳಿದ ಸೈನಿಕ ಒಂದು ಗುಂಡಿಯಿಂದ ಇನ್ನೊಂದಕ್ಕೆ ಸರಿಯಬೇಕಾದರೆ ಕಡಿದಾದ ಏರಿಯನ್ನು ಹತ್ತಬೇಕು, ಒದ್ದೆಯಾದಾಗ ವಿಪರೀತ ಜಾರುವ ಈ ಜ್ವಾಲಾಮುಖಿ ಮಣ್ಣಿನಲ್ಲಿ ಕಾಲೂರಲು ಹೆಣಗಬೇಕು, ಅಷ್ಟು ಹೊತ್ತೂ ಮೇಲಿನಿಂದ ಬರುವ ಬಾಣ, ಗುಂಡುಗಳಿಗೆ ಗುರಿಯಾಗಿರಬೇಕು. ಅಂಚಿನಲ್ಲಿ ನಿಂತು ಬಗ್ಗಿ ನೋಡಿದರೆ ಇದನ್ನು ವಿವರಿಸಲು ಯಾವ ಫಲಕವೂ ಬೇಕಾಗುವುದಿಲ್ಲ.

ಇಷ್ಟಾಗಿಯೂ 1590ರಲ್ಲಿ, ಜಪಾನನ್ನು ಒಂದುಗೂಡಿಸಲು ಹೊರಟಿದ್ದ ತೊಯೊತೊಮಿ ಹಿದೆಯೊಶಿಯ ಭಾರೀ ಸೈನ್ಯದೆದುರು ಸುಮಾರು 4,000 ಜನರ ಕಾವಲುಪಡೆ ಅರ್ಧ ದಿನವಷ್ಟೇ ತಡೆದು ನಿಂತಿತು. ದಕ್ಷಿಣದ ತೈಜಾಕಿ ಹೊರಕೋಟೆಯ ಕೆಲಸ ಆಗಿನ್ನೂ ಮುಗಿದಿರಲಿಲ್ಲ. ಅದೇ ವರ್ಷ ಹೋಜೋಗಳ ರಾಜಧಾನಿ ಒದವಾರಾ ಕೂಡ ಶರಣಾಯಿತು.

ಸಂರಕ್ಷಣೆಯ ವಿಷಯದಲ್ಲಿ ನನಗೆ ಈ ಸ್ಥಳದ ಮೇಲೆ ವಿಶೇಷ ಗೌರವವಿದೆ. 1934ರಲ್ಲೇ ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿತವಾದ ಕೋಟೆಯನ್ನು 1970ರ ದಶಕದಿಂದ ಉತ್ಖನನ ಮಾಡಿ, ಸಿಕ್ಕ ಮೂಲ ಕಂದಕಗಳ ಮೇಲೆ ಮಣ್ಣು ಹೊದಿಸಿ, ಹುಲ್ಲು ಬೆಳೆಸಿದ್ದಾರೆ. ಒದವಾರಾದಲ್ಲಿ 1960ರಲ್ಲಿ ಎದ್ದ ಕಾಂಕ್ರೀಟ್ ಗೋಪುರಕ್ಕಿಂತ ಈ ಸಂಯಮ ಎಷ್ಟೋ ಮೇಲು. ಒಂದೇ ತೊಡಕೆಂದರೆ, ಅಚ್ಚುಕಟ್ಟಾದ ಹಸಿರು ಹಾಸು ಕೋಟೆಯನ್ನು ಉದ್ಯಾನದಂತೆ ಮಾಡಿಬಿಟ್ಟಿದೆ; ಯುದ್ಧಕಾಲದ ಬೋಳು ಮಣ್ಣನ್ನು ನಾವೇ ಕಲ್ಪಿಸಿಕೊಳ್ಳಬೇಕು.

ಪ್ರವೇಶ ಶುಲ್ಕವಿಲ್ಲ. ಮಿಶಿಮಾ ರೈಲು ನಿಲ್ದಾಣದಿಂದ ಬಸ್ಸಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿ. ಬಸ್ಸುಗಳು ಪದೇ ಪದೇ ಇರುವುದಿಲ್ಲವಾದ್ದರಿಂದ ಮರಳುವ ಸಮಯವನ್ನು ಇಳಿದ ಕೂಡಲೇ ನೋಡಿಟ್ಟುಕೊಳ್ಳುವುದು ಒಳ್ಳೆಯದು. ಆಕಾಶ ತಿಳಿಯಾಗಿದ್ದರೆ ಫುಜಿ ಪರ್ವತ ಕಾಣುತ್ತದೆ, ಮಂಜು ಕವಿದರೆ ಎದುರಿನ ದಿಬ್ಬವೂ ಕಾಣುವುದಿಲ್ಲ. ಮುಖ್ಯ ಅಂಗಳವನ್ನಷ್ಟೇ ನೋಡಿ ಹಿಂತಿರುಗದೆ, ಹೆದ್ದಾರಿಯ ಆಚೆಗಿರುವ ತೈಜಾಕಿ ಹೊರಕೋಟೆಗೂ ಸಮಯ ಮೀಸಲಿಡಿ. ಕಾಳಗ ಅತ್ಯಂತ ಬಿರುಸಾಗಿ ನಡೆದದ್ದು ಅಲ್ಲೇ.