ಕನ್ನಡ ಓದಲು ಇ-ರೀಡರ್ ಕೊಳ್ಳುವವರೇ, ದುಡ್ಡು ಕೊಡುವ ಮೊದಲು ನಿಮ್ಮ ಫೈಲು ನೋಡಿ

ಕಾಸರಗೋಡು ತಾಲೂಕಿನ ಒಂದು ವಾಚನಾಲಯಕ್ಕೆ ಮೂರು ಇ-ರೀಡರ್, ಅಂದರೆ ಪುಸ್ತಕದ ಫೈಲು ಓದುವ ಸಾಧನಗಳು ಬಂದವು. ಮುದ್ರಿತ ಪುಸ್ತಕದ ಸಣ್ಣ ಅಕ್ಷರ ಕಾಣದ ಹಿರಿಯರು ಅಕ್ಷರ ದೊಡ್ಡದು ಮಾಡಿಕೊಂಡು ಓದಲಿ ಎಂದು ಸದಸ್ಯರೇ ಹಣ ಸೇರಿಸಿ, ಸುಮಾರು 24,000 ರೂಪಾಯಿಗೆ ತರಿಸಿದ್ದು. ಈಗ ಮೂರೂ ಕಪಾಟಿನೊಳಗಿವೆ. ಒಂದು ಇ-ರೀಡರೇ ಅಲ್ಲ. ಇನ್ನೊಂದು ಹಳೆಯ ಮಾಲೀಕರ ಬೀಗ ಬಿದ್ದು ಕೂತಿದೆ. ಮೂರನೆಯದು ಹೊಸತು, ಒಳ್ಳೆಯ ಕಂಪನಿಯದು, ಯಾವ ದೋಷವೂ ಇಲ್ಲ. ಆದರೆ ಆ ಹಿರಿಯರಿಗೆ ಬೇಕಾದ ಪುಸ್ತಕ ಅದರಲ್ಲಿ ಓದಲಿಕ್ಕಾಗುವುದಿಲ್ಲ. ಮೂರನ್ನೂ ಕೊಳ್ಳುವ ಮೊದಲೇ ಹಿಡಿಯಬಹುದಿತ್ತು.

ಮೂರನೆಯದರಿಂದಲೇ ಶುರು ಮಾಡುತ್ತೇವೆ. ಕನ್ನಡ ಓದುಗರು ಅತಿ ಹೆಚ್ಚು ಬೀಳುವ ಹೊಂಡ ಅದೇ.

ಅಂಗಡಿಯಲ್ಲಿ ಅದರಲ್ಲಿ ಒಂದು ಮಲಯಾಳ ಪುಸ್ತಕ ತೆರೆದು ತೋರಿಸಿದರು. ಅಕ್ಷರ ಚಂದ ಕಂಡಿತು, ದೊಡ್ಡದೂ ಆಯಿತು. "ಮಲಯಾಳ ಬರುತ್ತದೆ ಅಂದಮೇಲೆ ಕನ್ನಡ ಬಾರದೇ ಇರುತ್ತದಾ" ಅಂದರು, ಇವರೂ ಒಪ್ಪಿದರು. ಗಡಿನಾಡಿನಲ್ಲಿ ಈ ಮಾತಿಗೆ ಮರುಳಾಗುವುದು ಸುಲಭ. ಆದರೆ 2016ರ ಡಿಸೆಂಬರಿನಲ್ಲಿ ಅಮೆಜಾನ್ ಕಂಪನಿಯ ಇ-ರೀಡರ್ ಆದ ಕಿಂಡಲ್‌ಗೆ ಭಾರತೀಯ ಭಾಷೆಗಳ ಪುಸ್ತಕ ಬಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಎಂಬ ಐದು ಭಾಷೆಗಳಿದ್ದವು. ಕನ್ನಡ ಇರಲಿಲ್ಲ. ಒಂದು ಸಾಧನ ಮಲಯಾಳವನ್ನು ಸರಿಯಾಗಿ ತೋರಿಸುತ್ತದೆ ಎಂಬುದು ಕನ್ನಡದ ಬಗ್ಗೆ ಏನನ್ನೂ ಹೇಳುವುದಿಲ್ಲ. ಎರಡು ಲಿಪಿಗೂ ಬೇರೆ ಬೇರೆ ಫಾಂಟ್ ಬೇಕು, ಅಕ್ಷರ ಕೂಡಿಸುವ ನಿಯಮವೂ ಬೇರೆ.

ಪರೀಕ್ಷೆ ಮಾಡಲು ಹತ್ತು ನಿಮಿಷ ಸಾಕು. ಕಂಪ್ಯೂಟರಿನ ಉಚಿತ ತಂತ್ರಾಂಶ ಲಿಬ್ರೆ ಆಫೀಸ್ ರೈಟರ್‌ನಲ್ಲಿ ಯೂನಿಕೋಡ್ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ) ಕನ್ನಡದಲ್ಲಿ ಈ ಪದಗಳನ್ನು ಟೈಪ್ ಮಾಡಿ: ಸೂರ್ಯ, ರಾಷ್ಟ್ರ, ಸ್ತ್ರೀ, ಲಕ್ಷ್ಮಿ, ಉಜ್ಜ್ವಲ, ಕರ್ತೃ, ಕೈಂಕರ್ಯ. ಫೈಲ್ ಮೆನುವಿನಲ್ಲಿ ಇಪಬ್ (ಇ-ಪುಸ್ತಕದ ಫೈಲು) ಆಗಿ ರಫ್ತು ಮಾಡುವ ಆಯ್ಕೆಯಿದೆ, ಹಾಗೆ ಉಳಿಸಿಕೊಳ್ಳಿ. ಕಿಂಡಲ್ ಆದರೆ ಇಪಬ್ ಅನ್ನು ಕೇಬಲ್‌ನಿಂದ ನೇರ ಹಾಕಿದರೆ ತೆರೆಯುವುದಿಲ್ಲ. ಅಮೆಜಾನಿನ ಸೆಂಡ್ ಟು ಕಿಂಡಲ್ ಸೇವೆಯ ಮೂಲಕ ಕಳಿಸಬೇಕು, ಇಲ್ಲವೇ ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶದಲ್ಲಿ ಕಿಂಡಲ್‌ನ ಎಜೆಡ್‌ಡಬ್ಲ್ಯೂ3 ಫೈಲಾಗಿ ಬದಲಿಸಿ ಹಾಕಬೇಕು. ಅಂಗಡಿಯವರ ಎದುರಿಗೇ ತೆರೆಯಿರಿ. ಅಕ್ಷರದ ಜಾಗದಲ್ಲಿ ಬರೀ ಚೌಕ ಡಬ್ಬಿ ಕಂಡರೆ ಫಾಂಟ್ ಇಲ್ಲ ಎಂದರ್ಥ. ಅದಕ್ಕೆ ಮದ್ದುಂಟು. ಕಿಂಡಲ್, ಇನ್ನೊಂದು ಕಂಪನಿಯ ಇ-ರೀಡರ್ ಆದ ಕೋಬೋ ಎರಡರಲ್ಲೂ ಫಾಂಟ್ಸ್ ಎಂಬ ಫೋಲ್ಡರಿಗೆ ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡದಂಥ ಉಚಿತ ಫಾಂಟ್ ಹಾಕಿಕೊಳ್ಳಬಹುದು. ಅಕ್ಷರ ಕಂಡರೂ ಒತ್ತು ಕೆಳಗೆ ಕೂರದೆ ಪಕ್ಕದಲ್ಲಿ ಬಿಡಿಯಾಗಿ ನಿಂತರೆ, 'ಸೂರ್ಯ'ದ ಅರ್ಕಾವತ್ತು ಯಕಾರದ ಬಲಕ್ಕೆ ಬರುವ ಬದಲು 'ಸೂರ್‌ಯ' ಎಂದು ಒಡೆದು ಕಂಡರೆ ಕಷ್ಟ ಜಾಸ್ತಿ. ಅಕ್ಷರ ಜೋಡಿಸುವ ಕೆಲಸ ಸಾಧನದೊಳಗಿನ ತಂತ್ರಾಂಶದ್ದು, ಫಾಂಟ್ ಬದಲಿಸಿದರೆ ಅದು ಸರಿಯಾಗುವುದಿಲ್ಲ. ಆಗ ಉಳಿಯುವ ದಾರಿ ಕೋರೀಡರ್ ಎಂಬ ಉಚಿತ ತಂತ್ರಾಂಶ. ಕೋಬೋದಲ್ಲಿ ಅದನ್ನು ಹಾಕುವುದು ಸುಲಭ. ಕಿಂಡಲ್‌ನಲ್ಲಿ ಮೊದಲು ಕಂಪನಿಯ ಬೀಗ ಮುರಿಯಬೇಕಾಗುತ್ತದೆ, ಎಲ್ಲ ಆವೃತ್ತಿಗಳಲ್ಲೂ ಆಗುವುದಿಲ್ಲ. ಅದನ್ನೇ ನಂಬಿ ಕೊಳ್ಳಬೇಡಿ.

ವಾಚನಾಲಯದ ಸಾಧನ ಬಿದ್ದದ್ದು ಇದಕ್ಕಿಂತ ಸರಳ ಜಾಗದಲ್ಲಿ. ಅವರ ಹತ್ತಿರ ಇದ್ದದ್ದೆಲ್ಲ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪಿಡಿಎಫ್. ಸ್ಕ್ಯಾನ್ ಎಂದರೆ ಪುಟದ ಫೋಟೋ. ಅದರಲ್ಲಿ ಅಕ್ಷರವೇ ಇಲ್ಲ, ಚಿತ್ರ ಮಾತ್ರ ಇದೆ. ಅಕ್ಷರ ದೊಡ್ಡದು ಮಾಡುವ ಗುಂಡಿ ಅಲ್ಲಿ ಕೆಲಸ ಮಾಡುವುದಿಲ್ಲ. ಚಿತ್ರವನ್ನು ಹಿಗ್ಗಿಸಬಹುದು, ಹಿಗ್ಗಿಸಿದರೆ ಸಾಲು ಪರದೆಯಿಂದ ಆಚೆ ಹೋಗುತ್ತದೆ.

ಲೆಕ್ಕ ನೋಡಿ. 6 ಇಂಚು ಎಂಬುದು ಪರದೆಯ ಮೂಲೆಯಿಂದ ಮೂಲೆಗಿನ ಅಳತೆ. ನಿಜವಾಗಿ ಅದು 9 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರ ಅಷ್ಟೇ. ಡೆಮಿ 1/8 ಆಕಾರದ ಪುಸ್ತಕದ ಪುಟ 14 ಸೆಂ.ಮೀ. ಅಗಲ, 21.5 ಸೆಂ.ಮೀ. ಎತ್ತರ. ಇಡೀ ಪುಟ ಆ ಪರದೆಯಲ್ಲಿ ಕೂರಬೇಕಾದರೆ ಶೇ. 57ಕ್ಕೆ ಕುಗ್ಗಬೇಕು. 12 ಪಾಯಿಂಟಿನಲ್ಲಿ ಅಚ್ಚಾದ ಅಕ್ಷರ 7 ಪಾಯಿಂಟಿಗೆ ಇಳಿಯುತ್ತದೆ. ಕನ್ನಡದ ಒತ್ತಕ್ಷರ ಮೊದಲೇ ಮೂಲ ಅಕ್ಷರಕ್ಕಿಂತ ಸಣ್ಣದು, ಕುಗ್ಗಿದ ಮೇಲೆ ತ ಒತ್ತು ಯಾವುದು, ನ ಒತ್ತು ಯಾವುದು ಎಂದು ಬಿಡಿಸಲು ಎಳೆಯ ಕಣ್ಣಿಗೂ ಆಗದು. ಪುಸ್ತಕದ ಅಕ್ಷರ ಸಣ್ಣದಾಯಿತೆಂದು ಇ-ರೀಡರ್ ತಂದವರಿಗೆ ಪುಸ್ತಕದ್ದಕ್ಕಿಂತಲೂ ಸಣ್ಣ ಅಕ್ಷರ ಸಿಕ್ಕಿತು. 7.8 ಇಂಚಿನ ಪರದೆಯಲ್ಲಿ ಅದೇ ಪುಟ ಶೇ. 74ಕ್ಕೆ ಕುಗ್ಗುತ್ತದೆ. 10.3 ಇಂಚಿನದರಲ್ಲಿ ಶೇ. 97, ಅಂದರೆ ಹೆಚ್ಚುಕಮ್ಮಿ ಪುಸ್ತಕದಷ್ಟೇ.

ಈಗಾಗಲೇ 6 ಇಂಚಿನದನ್ನು ಕೊಂಡಿದ್ದರೆ ಬಿಸಾಡಬೇಕಾಗಿಲ್ಲ. ಬ್ರಿಸ್ ಎಂಬ ಉಚಿತ ತಂತ್ರಾಂಶದಿಂದ ಕಂಪ್ಯೂಟರಿನಲ್ಲಿ ಪಿಡಿಎಫ್‌ನ ಬಿಳಿ ಅಂಚು ಕತ್ತರಿಸಿ. ಉಳಿಯುವ ಬರಹದ ಭಾಗ ಸುಮಾರು 10.5 ಸೆಂ.ಮೀ. ಅಗಲ ಇರುತ್ತದೆ. ಸಾಧನವನ್ನು ಅಡ್ಡ ಹಿಡಿದರೆ ಪರದೆಯ ಅಗಲ 12 ಸೆಂ.ಮೀ. ಆಗುವುದರಿಂದ ಅಕ್ಷರ ಪುಸ್ತಕದಲ್ಲಿದ್ದದ್ದಕ್ಕಿಂತ ತುಸು ದೊಡ್ಡದಾಗಿಯೇ ಕಾಣುತ್ತದೆ. ಒಂದು ಪುಟಕ್ಕೆ ಎರಡು ಮೂರು ಸಲ ಮಗುಚಬೇಕು. ಸಾಮಾನ್ಯ ಕಣ್ಣಿನವರಿಗೆ ಇದು ಸಾಕು, ಕಣ್ಣು ಮಂಜಾದವರಿಗೆ ಸಾಲದು. ಸ್ಕ್ಯಾನಿನ ಪದಗಳನ್ನೇ ಕತ್ತರಿಸಿ ಹೊಸ ಸಾಲಾಗಿ ಜೋಡಿಸುವ ಕೆ2ಪಿಡಿಎಫ್‌ಆಪ್ಟ್ ಎಂಬುದೂ ಇದೆ. ಸಾಲು ಸಾಲಿನ ನಡುವೆ ಜಾಗ ಬಿಟ್ಟು ಅಚ್ಚಾದ ಪುಸ್ತಕಕ್ಕೆ ಅದು ಒದಗೀತು. ಇಕ್ಕಟ್ಟಾಗಿ ಅಚ್ಚಾದದ್ದರಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಬಿಳಿ ಜಾಗ ಸಿಗದೆ ಅದು ಎರಡು ಸಾಲನ್ನು ಒಂದೆಂದು ಎಣಿಸಿಬಿಡುತ್ತದೆ.

ಆದ್ದರಿಂದ ಸಾಧನ ಹುಡುಕುವ ಮೊದಲು ನಿಮ್ಮ ಹತ್ತಿರ ಇರುವ ಫೈಲು ಎಂಥದ್ದು ಎಂದು ತಿಳಿದುಕೊಳ್ಳಿ. ಪಿಡಿಎಫ್‌ನಿಂದ ಒಂದು ಸಾಲು ಆಯ್ದು ಕಾಪಿ ಮಾಡಿ ವಾಟ್ಸಾಪಿನಲ್ಲಿ ಅಂಟಿಸಿ. ಆಯಲಿಕ್ಕೇ ಆಗದಿದ್ದರೆ ಅದು ಫೋಟೋ. ಅಂಟಿಸಿದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬಂದರೆ ನುಡಿ, ಬರಹ, ಶ್ರೀಲಿಪಿ ಮುಂತಾದವುಗಳ ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರದ ಸಂಕೇತಕ್ಕೇ ಕನ್ನಡದ ಆಕಾರ ತೊಡಿಸಿದ್ದು) ಡಿಟಿಪಿ ಆದದ್ದು. ಇದು ಕಣ್ಣಿಗೆ ಅಚ್ಚುಕಟ್ಟಾಗಿ ಕಾಣುವುದರಿಂದ ಹಲವರು ಮೋಸ ಹೋಗುತ್ತಾರೆ. ಕ್ಯಾಲಿಬರ್‌ನಲ್ಲಿ ಇಪಬ್ ಮಾಡಿದ ತಕ್ಷಣ ಪುಸ್ತಕವೆಲ್ಲ ಗೊಜ್ಜಾಗುತ್ತದೆ. ಯೂನಿಕೋಡ್ ಪರಿವರ್ತಕದಲ್ಲಿ ಹಾಕಿ ತೆಗೆಯಬಹುದು, ಆದರೆ ಒತ್ತು, ಅರ್ಕಾವತ್ತುಗಳನ್ನು ಕೂತು ತಿದ್ದಬೇಕು. ನೆಟ್ಟಗೆ ಕನ್ನಡವೇ ಬಂದರೆ ಯೂನಿಕೋಡ್. ಅದನ್ನು ಮಾತ್ರ ಇಪಬ್ ಮಾಡಿ ಬೇಕಾದಷ್ಟು ದೊಡ್ಡ ಅಕ್ಷರದಲ್ಲಿ ಓದಬಹುದು.

ಹಾಗೆ ಓದಲು ಸಿಗುವ ಪುಸ್ತಕ ಎಲ್ಲಿದೆ ಎಂದರೆ, ಕನ್ನಡ ವಿಕಿಸೋರ್ಸ್ ಎಂಬ ಉಚಿತ ಜಾಲತಾಣದಲ್ಲಿ ಟೈಪ್ ಆದ ಪುಸ್ತಕಗಳನ್ನು ಇಪಬ್ ಆಗಿಯೇ ಇಳಿಸಿಕೊಳ್ಳಬಹುದು. ಕೃತಿಸ್ವಾಮ್ಯದ ಹಕ್ಕು ಮುಗಿದ ಪುಸ್ತಕವಾದರೆ ನೀವೇ ಟೈಪ್ ಮಾಡಿ ಸೇರಿಸಲೂ ಬಹುದು. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ವರ್ಷ ಕಳೆದು 60 ವರ್ಷದವರೆಗೆ ಹಕ್ಕು ಇರುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ, ಹಾಗಾಗಿ ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು 2024ರ ಜನವರಿ 1ರಿಂದ ಎಲ್ಲರವು. ಈ ಊರಿನ ವಾಚನಾಲಯಗಳು ಇ-ರೀಡರಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಹೀಗೆ ಟೈಪ್ ಮಾಡಿಸಲು ಇಟ್ಟರೆ ಎಷ್ಟೋ ಒಳ್ಳೆಯದು. ಕಯ್ಯಾರ ಕಿಞ್ಞಣ್ಣ ರೈಗಳು ತೀರಿಕೊಂಡದ್ದು 2015ರಲ್ಲಿ, ಅವರ ಕೃತಿಗಳನ್ನು 2075ರ ಕೊನೆಯವರೆಗೂ ಅನುಮತಿ ಇಲ್ಲದೆ ಹಂಚುವಂತಿಲ್ಲ.

ಹೊಸ ಕನ್ನಡ ಪುಸ್ತಕ ದುಡ್ಡು ಕೊಟ್ಟು ಓದುವವರ ದಾರಿಯೇ ಬೇರೆ. ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕೊಂಡ ಪುಸ್ತಕ ಸಾಮಾನ್ಯವಾಗಿ ಆಯಾ ಆಪ್‌ನೊಳಗೇ ಓದಬೇಕಾದದ್ದು. ಕಿಂಡಲ್, ಕೋಬೋಗಳಲ್ಲಿ ಆ ಆಪ್ ಹಾಕಲು ಬರುವುದಿಲ್ಲ. ಅಂಥವರಿಗೆ ಬೂಕ್ಸ್‌ನಂಥ, ಆಂಡ್ರಾಯ್ಡ್ ಇರುವ ಇ-ಇಂಕ್ (ಇ-ರೀಡರಿನ ಕಾಗದದಂಥ ಪರದೆ) ಸಾಧನ ಬೇಕು. ವೈಫೈ ಸದಾ ಹಾಕಿಟ್ಟರೆ ಅದರ ಚಾರ್ಜು ವಾರಗಟ್ಟಲೆ ಬಾರದು, ಮೇಲೆ ಕೆಳಗೆ ಸರಿಸುವಾಗ ಹಿಂದಿನ ಪುಟದ ನೆರಳು ಉಳಿಯುತ್ತದೆ. ಆಪ್‌ನಲ್ಲಿ ಪುಟ ಮಗುಚುವ ಆಯ್ಕೆ ಇದ್ದರೆ ಅದನ್ನೇ ಇಟ್ಟುಕೊಳ್ಳಿ.

ಇನ್ನು ಮೊದಲನೆಯ ಸಾಧನ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿದ '7 ಇಂಚಿನ ಇ-ಬುಕ್ ರೀಡರ್'. ಪೆಟ್ಟಿಗೆ ತೆರೆದರೆ ಮಾಮೂಲಿ ಎಲ್‌ಸಿಡಿ ಪರದೆ, ಒಳಗೆ ಆಂಡ್ರಾಯ್ಡ್ 4.4. ಆ ಆವೃತ್ತಿಗೆ ಗೂಗಲ್ 2023ರಲ್ಲೇ ಪ್ಲೇ ಸೇವೆಯ ಬೆಂಬಲ ನಿಲ್ಲಿಸಿದೆ, ಯಾವ ಕನ್ನಡ ಆಪೂ ಬರಲಿಲ್ಲ. ಇದನ್ನು ವಿವರದಲ್ಲೇ ಹಿಡಿಯಬಹುದು: ಟಿಎಫ್‌ಟಿ (ಒಂದು ಬಗೆಯ ಎಲ್‌ಸಿಡಿ) ಎಂದಿದ್ದರೆ, ವಿಡಿಯೋ ಚೆನ್ನಾಗಿ ಬರುತ್ತದೆ ಎಂದಿದ್ದರೆ, ಬ್ಯಾಟರಿಯ ಬಾಳಿಕೆಯನ್ನು ಗಂಟೆಯಲ್ಲಿ ಮಾತ್ರ ಹೇಳಿದ್ದರೆ ಅದು ಇ-ಇಂಕ್ ಅಲ್ಲ. ಇ-ಇಂಕ್ ಪರದೆಯಲ್ಲಿ ಕಪ್ಪು ಬಿಳಿ ಕಣಗಳು ಪುಟ ಬದಲಾಗುವಾಗ ಮಾತ್ರ ಸರಿದಾಡುತ್ತವೆ, ವಿದ್ಯುತ್ ನಿಂತರೂ ಇದ್ದಲ್ಲೇ ಇರುತ್ತವೆ. ಅದಕ್ಕೇ ಮಲಗಿಸಿದ ಮೇಲೂ ಪರದೆಯಲ್ಲಿ ಚಿತ್ರ ಉಳಿಯುವುದು. ಆಫ್ ಮಾಡಿದ ತಕ್ಷಣ ಕಪ್ಪಾಯಿತೋ, ಹಿಂದಕ್ಕೆ ಕೊಡಿ.

ಎರಡನೆಯದು ಗಲ್ಫ್‌ನಿಂದ ಬಂದ ಸೆಕೆಂಡ್ ಹ್ಯಾಂಡ್, ಕೈಯಿಂದ ಕೈಗೆ ದಾಟಿ ಬಂದದ್ದು. ಹಿಂದಿನವರ ಖಾತೆ ತೆಗೆದು ಹೊಸ ಖಾತೆ ಹಾಕಲು ಹೋದರೆ ನೋಂದಣಿ ಒಪ್ಪಲಿಲ್ಲ. ಕಳೆದುಹೋಗಿದೆ, ಕದ್ದು ಹೋಗಿದೆ ಎಂದು ಮಾಲೀಕರು ಕಂಪನಿಗೆ ತಿಳಿಸಿದ ಸಾಧನ ಮತ್ತೆ ನೋಂದಣಿಯಾಗುವುದಿಲ್ಲ, ಫ್ಯಾಕ್ಟರಿ ರೀಸೆಟ್ ಮಾಡಿದರೂ ಪ್ರಯೋಜನವಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ನಿಮ್ಮ ಮೊಬೈಲಿನ ಹಾಟ್‌ಸ್ಪಾಟ್ ಹಾಕಿ, ಮಾರುವವರ ಎದುರಿಗೇ ಅವರ ಖಾತೆ ತೆಗೆಸಿ ನಿಮ್ಮದನ್ನು ಹಾಕಿ, ಒಂದು ಪುಸ್ತಕ ಇಳಿಸಿ ನೋಡಿದ ಮೇಲೆಯೇ ಹಣ ಕೊಡಿ. "ಮನೆಗೆ ಹೋಗಿ ಹಾಕಿಕೊಳ್ಳಿ" ಎಂಬ ಮಾತಿಗೆ ಒಪ್ಪಬೇಡಿ. ಪೂರ್ತಿ ಬಿಳಿ ಪುಟ, ಪೂರ್ತಿ ಕಪ್ಪು ಚಿತ್ರ ಎರಡನ್ನೂ ತೆರೆದು ಗೆರೆ, ಕಲೆ ಇದೆಯೇ ನೋಡಿ, ಕತ್ತಲೆ ಕೋಣೆಯಲ್ಲಿ ಸಾಧನದ ಬೆಳಕು ಹಾಕಿ ಮೂಲೆಗಳನ್ನು ನೋಡಿ. ಪರದೆಯೊಳಗಿರುವುದು ತೆಳು ಗಾಜು, ಚೀಲದಲ್ಲಿ ಒತ್ತಿದರೂ ಬಿರಿಯುತ್ತದೆ, ಬದಲಿಸುವ ಖರ್ಚಿನಲ್ಲಿ ಇನ್ನೊಂದನ್ನೇ ಕೊಳ್ಳಬಹುದು. ಹೊಸದನ್ನೇ ದುಬೈಯಿಂದ ತರಿಸುವುದಾದರೂ ಅಲ್ಲಿಯ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಮೊದಲು ಬರವಣಿಗೆಯಲ್ಲಿ ಕೇಳಿ. ಹೆಚ್ಚಿನವು ನಡೆಯುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು? ಇಂಗ್ಲಿಷ್, ಮಲಯಾಳ ಕಾದಂಬರಿ ಹೆಚ್ಚು ಓದುವ ಮನೆಯಾದರೆ 300 ಪಿಪಿಐ (ಪರದೆಯ ಒಂದು ಇಂಚಿನಲ್ಲಿರುವ ಚುಕ್ಕಿಗಳು) ಇರುವ 6 ಅಥವಾ 7 ಇಂಚಿನ ಕಿಂಡಲ್ ಧಾರಾಳವಾಗಿ ಸಾಕು. 2019ರ ಅಗ್ಗದ ಕಿಂಡಲ್ 167 ಪಿಪಿಐನದು, ಕನ್ನಡದ ಒತ್ತು ಅದರಲ್ಲಿ ಮಸುಕು, ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕರೂ ಬೇಡ. ಕನ್ನಡ ಆಪ್‌ಗಳ ಪುಸ್ತಕವಾದರೆ ಆಂಡ್ರಾಯ್ಡ್ 10ಕ್ಕಿಂತ ಹಳತಲ್ಲದ ಇ-ಇಂಕ್. ಬರೀ ಹಳೆಯ ಸ್ಕ್ಯಾನ್ ಓದುವವರಿಗೆ 10.3 ಇಂಚಿನದೇ ಬೇಕು, ಅದು 30,000 ರೂಪಾಯಿ ದಾಟುತ್ತದೆ. ಅಷ್ಟು ಹಣ ಇಲ್ಲದಿದ್ದರೆ ಇ-ರೀಡರ್ ಕೊಳ್ಳಲೇಬೇಡಿ. 10 ಇಂಚಿನ ಸಾಮಾನ್ಯ ಟ್ಯಾಬ್ಲೆಟ್‌ನಲ್ಲಿ ಬೆಳಕು ತಗ್ಗಿಸಿ ಓದುವುದು 6 ಇಂಚಿನ ಇ-ಇಂಕ್‌ನಲ್ಲಿ ಕಣ್ಣು ಕಿರಿದು ಮಾಡಿ ಓದುವುದಕ್ಕಿಂತ ಎಷ್ಟೋ ಹಿತ. ವಾಚನಾಲಯದ ಹಿರಿಯರಿಗೂ ಅದನ್ನೇ ಹೇಳಿದ್ದೇವೆ.

ಆನ್‌ಲೈನ್‌ನಲ್ಲಿ ತರಿಸುವಾಗ ಹಣ ವಾಪಸು ಉಂಟೋ, ಬರೀ ಬದಲಿ ಸಾಧನ ಕೊಡುತ್ತಾರೋ ಎಂದು ಓದಿ. ಎಲ್‌ಸಿಡಿಯನ್ನು ಇ-ಇಂಕ್ ಎಂದು ಮಾರಿದ್ದರೆ ಬದಲಿಗೆ ಬರುವುದೂ ಎಲ್‌ಸಿಡಿಯೇ. ಪೆಟ್ಟಿಗೆ ಬಿಚ್ಚುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ, ಮಾರಾಟದ ಪುಟದ ಸ್ಕ್ರೀನ್‌ಶಾಟ್ ಅಂದೇ ತೆಗೆದಿಡಿ, ಆಮೇಲೆ ವಿವರ ಬದಲಾಗುವುದುಂಟು. ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಮಾರಿದವರು ಯಾವ ಊರಿನವರಾದರೂ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. 2019ರ ಕಾಯ್ದೆ ದೂರುದಾರರು ವಾಸವಿರುವಲ್ಲೇ ಅದಕ್ಕೆ ಅವಕಾಶ ಕೊಟ್ಟಿದೆ, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಪರಿಚಯದವರಿಂದ ಕೈಯಿಂದ ಕೈಗೆ ಕೊಂಡ ಸೆಕೆಂಡ್ ಹ್ಯಾಂಡಿಗೆ ಈ ದಾರಿ ಇಲ್ಲ. ವಾಚನಾಲಯದ ಎರಡನೆಯ ಸಾಧನದ ಹಣ ಹಾಗೆಯೇ ಹೋಯಿತು. ಮೊದಲನೆಯದರ ಸ್ಕ್ರೀನ್‌ಶಾಟ್ ಯಾರೂ ತೆಗೆದಿಟ್ಟಿರಲಿಲ್ಲ.