ರಾತ್ರಿ ಒಂದು ಗಂಟೆ ಆಡುವವನಿಗೆ ಯಾವ ಎರಡನೇ ಭಾಗ? ಟಿಯರ್ಸ್ ಆಫ್ ದ ಕಿಂಗ್‌ಡಮ್, ಡ್ರ್ಯಾಗನ್ಸ್ ಡಾಗ್ಮಾ 2

ಮೊದಲೇ ಹೇಳಿಬಿಡುತ್ತೇನೆ, ಈ ಎರಡು ವಿಡಿಯೋ ಗೇಮ್‌ಗಳಲ್ಲಿ ನನ್ನ ಓಟು ಟಿಯರ್ಸ್ ಆಫ್ ದ ಕಿಂಗ್‌ಡಮ್‌ಗೆ. ಡ್ರ್ಯಾಗನ್ಸ್ ಡಾಗ್ಮಾ 2 ಕೆಟ್ಟ ಆಟ ಅಂತಲ್ಲ. ಅದು ಕೊಟ್ಟಂಥ ಒಂದೆರಡು ರಾತ್ರಿಗಳನ್ನು ಬೇರೆ ಯಾವ ಆಟವೂ ನನಗೆ ಕೊಟ್ಟಿಲ್ಲ. ಆದರೂ ಬಿಡುಗಡೆಯಾದ ವಾರವೇ ಪೂರ್ತಿ ಬೆಲೆ ತೆತ್ತು ಕೊಂಡ ಆಟವನ್ನು ಮೂರನೇ ವಾರಕ್ಕೆ ಮುಚ್ಚಿಟ್ಟೆ. ಇನ್ನೊಂದನ್ನು ಇವತ್ತಿಗೂ ಆಡುತ್ತಿದ್ದೇನೆ. ಕೈ ಸುಟ್ಟುಕೊಂಡವನು ತಕ್ಕಡಿ ಹಿಡಿದರೆ ಮುಳ್ಳು ಯಾವ ಕಡೆ ವಾಲುತ್ತದೆ ಅಂತ ನಿಮಗೇ ಗೊತ್ತು.

ನಾನು ಆಡುವ ರೀತಿಯನ್ನೂ ಹೇಳಬೇಕು. ರಾತ್ರಿ ಊಟ ಮುಗಿದ ಮೇಲೆ ಒಂದು ಗಂಟೆ, ನಿದ್ದೆ ಎಳೆಯದಿದ್ದರೆ ಒಂದೂಕಾಲು. ಪೂರ್ತಿ ಬೆಲೆಗೆ ಕೊಳ್ಳುವುದು ವರ್ಷಕ್ಕೆ ಒಂದೇ ಆಟ, ಮಿಕ್ಕಿದ್ದೆಲ್ಲ ರಿಯಾಯಿತಿ ಬರುವವರೆಗೆ ಕಾದು. 2023ರ ಪಾಲು ಟಿಯರ್ಸ್‌ಗೆ ಹೋಯಿತು, 2024ರದ್ದು ಡಾಗ್ಮಾಕ್ಕೆ. ಎರಡೂ ಎರಡನೇ ಭಾಗಗಳೇ, ಎರಡಕ್ಕೂ ಹಿಂದೆ ಜನ ಪ್ರಾಣದಂತೆ ಪ್ರೀತಿಸಿದ, ಪ್ರೀತಿಸುತ್ತಲೇ ಬೈದ ಒಂದು ಮೊದಲ ಭಾಗ ಇತ್ತು. ಟಿಯರ್ಸ್‌ನ ಮೊದಲ ಭಾಗವಾದ ಬ್ರೆತ್ ಆಫ್ ದ ವೈಲ್ಡ್ (2017) ಆಡಿದವರೆಲ್ಲ ಕತ್ತಿ ಮುರಿಯುತ್ತದೆ ಅಂತ ಗೊಣಗಿದರು. ಮೊದಲ ಡ್ರ್ಯಾಗನ್ಸ್ ಡಾಗ್ಮಾ (2012) ಆಡಿದವರು ನಡೆದೂ ನಡೆದೂ ಕಾಲು ಸವೆಯಿತು ಅಂದರು. ಎರಡನೇ ಭಾಗ ಮಾಡಿದವರು ಆ ಗೊಣಗಾಟವನ್ನು ಏನು ಮಾಡಿದರು ಅನ್ನುವುದೇ ನನಗೆ ಕುತೂಹಲ.

ಕತ್ತಿಯ ವಿಷಯ. ಬ್ರೆತ್‌ನಲ್ಲಿ ನಾನು ಮಹಾ ಜಿಪುಣ. ಒಳ್ಳೆಯ ಕತ್ತಿ ಸಿಕ್ಕರೆ ಮುಂದೆ ದೊಡ್ಡ ಶತ್ರು ಬರುತ್ತಾನೆ ಅಂತ ಎತ್ತಿಟ್ಟು, ಮರದ ಕೊಂಬೆ ಹಿಡಿದು ಬಡಿದಾಡುತ್ತಿದ್ದೆ. ದೊಡ್ಡ ಶತ್ರು ಬಂದಾಗಲೂ ಇನ್ನೂ ದೊಡ್ಡವನು ಬರಬಹುದೆಂದು ಕೊಂಬೆಯನ್ನೇ ಹಿಡಿದೆ. ಆಟ ಮುಗಿದಾಗ ಚೀಲದ ತುಂಬ ಹೊಸ ಕತ್ತಿಗಳು ಹಾಗೇ ಇದ್ದವು. ಮುಂದಿನ ಭಾಗದಲ್ಲಿ ಮುರಿಯುವುದನ್ನೇ ತೆಗೆದುಹಾಕಿ ಎಂದು ಬೇಡಿಕೊಂಡವರಲ್ಲಿ ನಾನೂ ಒಬ್ಬ.

ಅವರು ತೆಗೆಯಲಿಲ್ಲ. ಫ್ಯೂಸ್ ಅಂತ ಒಂದು ಶಕ್ತಿ ಕೊಟ್ಟರು, ಅಂದರೆ ಕೈಯಲ್ಲಿರುವ ಆಯುಧಕ್ಕೆ ನೆಲದ ಮೇಲಿರುವ ಯಾವುದನ್ನಾದರೂ ಅಂಟಿಸುವುದು. ಕತ್ತಿಗಳಿಗೆಲ್ಲ ತುಕ್ಕು ಹಿಡಿದಿದೆ ಎಂದು ಕಥೆಯಲ್ಲೇ ಒಂದು ಕಾರಣ ಹೇಳಿ, ಬಲವನ್ನೆಲ್ಲ ಕೊಂದ ರಾಕ್ಷಸರ ಕೊಂಬಿಗೆ ವರ್ಗಾಯಿಸಿಬಿಟ್ಟರು. ಈಗ ಕತ್ತಿ ಬರೀ ಹಿಡಿ. ಮುರಿದರೆ ಮುರಿಯಲಿ, ಚೀಲದಲ್ಲಿ ಇನ್ನೂ ಹನ್ನೆರಡು ಕೊಂಬಿವೆ. ಮೊದಲ ವಾರದಲ್ಲೇ ನನ್ನ ಜಿಪುಣತನ ಬಿಟ್ಟುಹೋಯಿತು. ನಾನು ಕೇಳಿದ್ದನ್ನು ಕೊಡದೆ, ಕೇಳಬೇಕಾಗಿದ್ದನ್ನು ಕೊಟ್ಟರು ಅನ್ನಿಸಿತು.

ಇದಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಅಸೆಂಡ್. ತಲೆಯ ಮೇಲೆ ಕಲ್ಲಿನ ಚಾವಣಿ ಇದ್ದರೆ ಅದರೊಳಗೇ ಈಜಿಕೊಂಡು ಮೇಲೆ ಹೋಗಿ ನೆಲದಿಂದ ತಲೆ ಹೊರಹಾಕುವ ವಿದ್ಯೆ. ಗುಹೆಯ ತಳಕ್ಕೆ ಇಳಿದು ಕೆಲಸ ಮುಗಿಸಿದ ಮೇಲೆ ಬಂದ ದಾರಿಯಲ್ಲೇ ವಾಪಸ್ ನಡೆಯುವಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಆಟ ತಯಾರಾಗುವಾಗ ಕೆಲಸಗಾರರು ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಕಳ್ಳದಾರಿ ಇದು. ಗುಹೆಯಿಂದ ನಡೆದು ಹೊರಬರುವುದು ತಮಗೇ ಬೇಜಾರಾಗಿ, ಅದನ್ನೇ ಆಟಗಾರರ ಕೈಗೂ ಕೊಟ್ಟೆವು ಎಂದು ತಯಾರಕರೇ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. ತಾವು ಮಾಡಿದ ಅಡುಗೆಯನ್ನು ತಾವೇ ಉಂಡು ನೋಡಿದವರ ಕೆಲಸ ಅಂದರೆ ಇದು.

ಈಗ ಡಾಗ್ಮಾ 2. 2024ರ ಮಾರ್ಚ್ 22ರಂದು ಬಂತು. ಪಟ್ಟಣದೊಳಗೆ ಕಾಲಿಟ್ಟರೆ ನನ್ನ ಹಳೇ ಕಂಪ್ಯೂಟರು ಏದುಸಿರು ಬಿಡುತ್ತಿತ್ತು. ಓಡಾಡುವ ಪ್ರತಿ ಊರಿನವನ ಲೆಕ್ಕವೂ ಪ್ರೊಸೆಸರಿನ ತಲೆಗೇ ಬೀಳುವ ಆಟ ಅದು. ವಿಚಾರಿಸದೆ ಕೊಂಡದ್ದು ನನ್ನ ತಪ್ಪು, ಅದನ್ನು ಬಿಡಿ.

ನಾನು ಸೋತದ್ದು ಸೇವ್ ಮುಂದೆ, ಅಂದರೆ ಆಡಿದಲ್ಲಿಯವರೆಗಿನದನ್ನು ಉಳಿಸಿಡುವ ವ್ಯವಸ್ಥೆಯ ಮುಂದೆ. ಆಟದಲ್ಲಿ ಎಲ್ಲಿ ಬೇಕಾದರೂ ಸೇವ್ ಮಾಡಬಹುದು, ನಿಜ. ಆದರೆ ಜಾಗ ಒಂದೇ. ಆಟ ತನ್ನಷ್ಟಕ್ಕೆ ಮಾಡಿಕೊಳ್ಳುವ ಸೇವ್ ಕೂಡ ಅದೇ ಜಾಗದ ಮೇಲೆ ಕೂರುತ್ತದೆ. ಹಿಂದಕ್ಕೆ ಹೋಗಲು ಇರುವ ಇನ್ನೊಂದೇ ಬಾಗಿಲು, ಕೊನೆಯ ಸಲ ಛತ್ರದಲ್ಲಿ ದುಡ್ಡು ಕೊಟ್ಟು ಮಲಗಿದ ಹೊತ್ತು. ಕಾಡಿನಲ್ಲಿ ಡೇರೆ ಹಾಕಿ ಮಲಗಿದ್ದು ಅದಕ್ಕೆ ಲೆಕ್ಕವಿಲ್ಲ. ನೀವು ವಾರಾಂತ್ಯದಲ್ಲಿ ಐದು ಗಂಟೆ ಆಡುವವರಾದರೆ ಛತ್ರ ಎಂದರೆ ಒಂದೇ ದಿನದ ಹಿಂದಿನ ಮಾತು. ನನಗೆ ಅದು ಕಳೆದ ಮಂಗಳವಾರ.

ಇದರ ಮೇಲೆ ಡ್ರ್ಯಾಗನ್ಸ್‌ಪ್ಲೇಗ್. ಗೊತ್ತಿಲ್ಲದವರಿಗೆ: ಈ ಆಟದಲ್ಲಿ ನಿಮ್ಮ ಜೊತೆ ಪಾನ್ ಎಂಬ ಬಂಟರು ಇರುತ್ತಾರೆ. ಒಬ್ಬರನ್ನು ನೀವೇ ರೂಪಿಸುತ್ತೀರಿ, ಇನ್ನಿಬ್ಬರನ್ನು ಬೇರೆ ಆಟಗಾರರಿಂದ ಎರವಲು ತರುತ್ತೀರಿ. ಹೀಗೆ ಊರೂರು ಅಲೆಯುವ ಬಂಟರಿಗೆ ಒಂದು ಅಂಟುರೋಗ ತಗಲುತ್ತದೆ. ತಲೆ ಹಿಡಿದುಕೊಳ್ಳುತ್ತಾರೆ, ಹೇಳಿದ ಮಾತು ಕೇಳುವುದಿಲ್ಲ, ಕಣ್ಣು ಕೆಂಪಗೆ ಹೊಳೆಯುತ್ತದೆ. ಗಮನಿಸದೆ ನೀವು ಛತ್ರದಲ್ಲಿ ಮಲಗಿದಿರೋ, ಬೆಳಗಾಗುವುದರೊಳಗೆ ಊರಿಗೆ ಊರೇ ಸ್ಮಶಾನ. ಮೊದಲೇ ಒಂದು ಎಚ್ಚರಿಕೆಯ ಚೀಟಿ ಪರದೆಯ ಮೇಲೆ ಬರುತ್ತದೆ. ಎಲ್ಲರಂತೆ ನಾನೂ ಓದದೆ ಬಟನ್ ಒತ್ತಿ ಕಳಿಸಿಬಿಟ್ಟಿದ್ದೆ.

ಅವತ್ತು ಹನ್ನೊಂದು ದಾಟಿತ್ತು. ನನ್ನ ಬಂಟ ದಾರಿಯಲ್ಲಿ ಎರಡು ಸಲ ಹಣೆ ಒತ್ತಿಕೊಂಡ. ಬಾ ಎಂದರೆ ಬರಲಿಲ್ಲ. ಒಳ್ಳೇ ಅಭಿನಯ ಕೂರಿಸಿದ್ದಾರೆ ಅಂದುಕೊಂಡೆ ನೋಡಿ! ವರ್ನ್‌ವರ್ತ್ ಎಂಬ ಪಟ್ಟಣ ತಲುಪಿ, ಸೇವ್ ಆಗಲಿ ಅಂತಲೇ ಛತ್ರಕ್ಕೆ ದುಡ್ಡು ಕಟ್ಟಿ ಮಲಗಿದೆ. ಪರದೆ ಕಪ್ಪಾಯಿತು, ಕಪ್ಪಿನಲ್ಲಿ ಏನೋ ದೊಡ್ಡದು ರೆಕ್ಕೆ ಬಿಚ್ಚಿತು. ಬೆಳಿಗ್ಗೆ ಹೊರಗೆ ಬಂದರೆ ಬೀದಿಯಲ್ಲಿ ನನ್ನ ಹೆಜ್ಜೆಯ ಸಪ್ಪಳ ಬಿಟ್ಟು ಬೇರೆ ಸದ್ದಿಲ್ಲ. ಆಯುಧದಂಗಡಿಯವನಿಲ್ಲ. ಹಿಂದಿನ ದಿನ ಕೆಲಸ ಒಪ್ಪಿಸಿದ್ದವನಿಲ್ಲ. ಎಲ್ಲರೂ ಶವಾಗಾರದಲ್ಲಿ ಸಾಲಾಗಿ ಮಲಗಿದ್ದರು.

ಸತ್ತವರನ್ನು ಎಬ್ಬಿಸಲು ವೇಕ್‌ಸ್ಟೋನ್ ಎಂಬ ಕಲ್ಲು ಬೇಕು, ಮೂರು ಚೂರು ಕೂಡಿದರೆ ಒಂದು ಕಲ್ಲು, ಒಂದು ಕಲ್ಲಿಗೆ ಒಬ್ಬ. ನನ್ನ ಹತ್ತಿರ ಇದ್ದದ್ದು ಒಂದು ಇಡೀ ಕಲ್ಲು, ಎರಡು ಚೂರು. ಹಿಂದಿನ ಸೇವ್‌ಗೆ ಹೋಗೋಣವೆಂದರೆ, ಮಲಗಿದ್ದೇ ಸೇವ್! ಊರು ಸತ್ತ ಮೇಲಿನ ಬೆಳಗೇ ನನ್ನ ಎರಡೂ ಬಾಗಿಲುಗಳಲ್ಲಿ ಕೂತಿತ್ತು. ಶವಗಳ ನಡುವೆ ಹತ್ತು ನಿಮಿಷ ಅಡ್ಡಾಡಿ, ಯಾರನ್ನು ಎಬ್ಬಿಸಲಿ ಎಂದು ತೀರ್ಮಾನಿಸಲಾಗದೆ, ಕಂಪ್ಯೂಟರ್ ಆರಿಸಿ ಮಲಗಿದೆ.

ಕಲ್ಪನೆ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಯಾರಾದರೂ ಕಥೆಯಾಗಿ ಹೇಳಿದ್ದರೆ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ರೋಗ ಇರಲಿ, ಊರೂ ಸಾಯಲಿ. ಜೊತೆಗೆ ಮೂರೇ ಮೂರು ಸೇವ್ ಜಾಗ ಕೊಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು? ಸೇವ್ ಹೆಚ್ಚಿದ್ದರೆ ತೀರ್ಮಾನಗಳಿಗೆ ತೂಕ ಇರುವುದಿಲ್ಲ ಎನ್ನುವವರಿದ್ದಾರೆ. ತೂಕ ಬೇಕಾದವರು ಒಂದೇ ಜಾಗ ಬಳಸಲಿ, ಬೇಡವೆಂದವರು ಯಾರು? ಆಮೇಲಿನ ಅಪ್‌ಡೇಟ್‌ನಲ್ಲಿ ರೋಗ ಹರಡುವುದನ್ನು ಕಡಿಮೆ ಮಾಡಿ, ಕಣ್ಣಿನ ಹೊಳಪನ್ನು ಎದ್ದು ಕಾಣುವಂತೆ ಮಾಡಿದರು. ಸೆಪ್ಟೆಂಬರಿನಲ್ಲಿ ಆಟವನ್ನು ಸುಲಭ ಮಾಡುವ ಕ್ಯಾಶುವಲ್ ಮೋಡ್ ಕೂಡ ಬಂತು. ಅಷ್ಟರಲ್ಲಿ ನನ್ನ ಡಿಸ್ಕಿನಲ್ಲಿ ಆ ಆಟದ ಜಾಗಕ್ಕೆ ಬೇರೆ ಮೂರು ಬಂದು ಕೂತಿದ್ದವು.

ಟಿಯರ್ಸ್‌ನಲ್ಲಿ ಸೇವ್ ಪುಟ ತೆರೆದರೆ ಹಲವು ಆಟೋಸೇವ್‌ಗಳು ಹೊತ್ತು, ಜಾಗ, ಚಿತ್ರ ಸಮೇತ ಸಾಲಾಗಿ ನಿಂತಿರುತ್ತವೆ, ಜೊತೆಗೆ ನಾನೇ ಮಾಡಿದ್ದೊಂದು. ನಿದ್ದೆ ಬಂದರೆ ಸ್ವಿಚ್ ಎಂಬ ಆಟದ ಯಂತ್ರದ ಪವರ್ ಬಟನ್ ಒತ್ತಿದರಾಯಿತು, ಕಥಾನಾಯಕ ಲಿಂಕ್ ಗಾಳಿಯಲ್ಲಿ ತೇಲುತ್ತಿದ್ದರೆ ನಾಳೆ ರಾತ್ರಿಯೂ ಅಲ್ಲೇ ತೇಲುತ್ತಿರುತ್ತಾನೆ.

ಪ್ರಯಾಣದ ವಿಷಯದಲ್ಲಿ ಡಾಗ್ಮಾ ತಯಾರಕರದು ಹಿಡಿದ ಪಟ್ಟು. ಮೊದಲ ಭಾಗದ ಡಾರ್ಕ್ ಅರೈಸನ್ ಆವೃತ್ತಿಯಲ್ಲಿ ಎಷ್ಟು ಬಳಸಿದರೂ ಮುಗಿಯದ ಫೆರಿಸ್ಟೋನ್, ಅಂದರೆ ದೂರದ ಜಾಗಕ್ಕೆ ಕ್ಷಣದಲ್ಲಿ ಕೊಂಡೊಯ್ಯುವ ಕಲ್ಲು, ಕೊಟ್ಟಿದ್ದರು, ಎರಡನೆಯದರಲ್ಲಿ ಅದನ್ನು ಕಿತ್ತುಕೊಂಡರು. ಈಗ ಒಂದು ಕಲ್ಲಿಗೆ ಒಂದೇ ಜಿಗಿತ, ಅಂಗಡಿಯಲ್ಲಿ ಅದರ ಬೆಲೆಯೋ 10,000 ಚಿನ್ನ. ಪ್ರಯಾಣ ಬೇಸರವೆನಿಸಿದರೆ ಆಟವೇ ಬೇಸರದ್ದು ಎಂಬರ್ಥದಲ್ಲಿ ನಿರ್ದೇಶಕ ಹಿದೇಆಕಿ ಇತ್ಸುನೋ ಬಿಡುಗಡೆಗೆ ಮುಂಚೆ ಮಾತಾಡಿದ್ದರು. ಓದಿದಾಗ ಜಂಬ ಅನ್ನಿಸಿತ್ತು.

ಆದರೆ ಒಂದು ರಾತ್ರಿ ಎತ್ತಿನ ಗಾಡಿಯಲ್ಲಿ ತೂಕಡಿಸುತ್ತಾ ಹೋಗುವಾಗ ಆಕಾಶದಿಂದ ಗ್ರಿಫಿನ್ ಎಂಬ ದೈತ್ಯ ಹಾರುವ ಮೃಗ ಬಂದು ಗಾಡಿಯ ಮೇಲೇ ಕೂತಿತು. ಗಾಡಿ ಚೂರುಚೂರು. ನಾನು ಅದರ ಬೆನ್ನಿನ ರೆಕ್ಕೆಬುಡ ಹಿಡಿದು ಇರಿಯುತ್ತಿದ್ದೆ, ಅದು ಹಾರಿಬಿಟ್ಟಿತು. ಕೆಳಗೆ ಬಂಟರು ಕೂಗುವುದು ಕೇಳುತ್ತಿದೆ, ಕಾಡು ಸಣ್ಣದಾಗುತ್ತಿದೆ, ಕೈ ಬಿಟ್ಟರೆ ಸಾವು, ಬಿಡದಿದ್ದರೆ ತ್ರಾಣದ ಗೆರೆ ಖಾಲಿ. ಆ ಮೂವತ್ತು ಸೆಕೆಂಡಿಗೆ ಸಮನಾದದ್ದು ಟಿಯರ್ಸ್‌ನಲ್ಲಿ ನನಗೆ ಸಿಕ್ಕಿಲ್ಲ. ಇತ್ಸುನೋ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಉಳಿದರ್ಧ, ಮರುದಿನ ಅದೇ ದಾರಿಯಲ್ಲಿ ಅದೇ ತಿರುವಿನಲ್ಲಿ ಅದೇ ಗಾಬ್ಲಿನ್‌ಗಳು, ಅದರ ಮರುದಿನವೂ.

ಬಂಟರಿಗೆ ಪೂರ್ಣಾಂಕ. ತನ್ನ ಒಡೆಯನ ಜೊತೆ ಆ ಕೆಲಸವನ್ನು ಮೊದಲೇ ಮಾಡಿದ್ದ ಬಂಟ ನಿಮ್ಮನ್ನು ನೇರ ಆ ಜಾಗಕ್ಕೆ ಕರೆದೊಯ್ಯುತ್ತಾನೆ. ಟಿಯರ್ಸ್‌ನ ಜೊತೆಗಾರರು ಅದರ ಮುಂದೆ ಬರೀ ಗೊಂಬೆಗಳು.

ಅಲ್ಲಿಗೂ ಬರುತ್ತೇನೆ, ನನ್ನ ಮುದ್ದಿನ ಆಟಕ್ಕೂ ಹುಳುಕಿದೆ. ಟುಲಿನ್ ಎಂಬ ಹಕ್ಕಿಹುಡುಗನ ಶಕ್ತಿ ಗಾಳಿ ಬೀಸುವುದು. ಅದನ್ನು ಕರೆಯುವ ಬಟನ್ ಎ. ನೆಲದಲ್ಲಿ ಬಿದ್ದದ್ದನ್ನು ಎತ್ತಿಕೊಳ್ಳುವ ಬಟನ್ನೂ ಎ. ಕಷ್ಟಪಟ್ಟು ಕೊಂದ ರಾಕ್ಷಸನ ಕೊಂಬನ್ನು ಬಂಡೆಯ ಅಂಚಿನಲ್ಲಿ ಎತ್ತಿಕೊಳ್ಳಲು ಹೋದರೆ ಈ ಮಹಾಶಯ ನಡುವೆ ಬಂದು ನಿಂತಿರುತ್ತಾನೆ, ಎ ಒತ್ತಿದರೆ ಉಫ್ ಎಂದು ಊದುತ್ತಾನೆ, ಕೊಂಬು ಕಣಿವೆಗೆ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ಚಿತ್ರ ಬೇಕೇ?

ಬಾಣದ್ದು ಇನ್ನೊಂದು ಗೋಳು. ಬಾಣಕ್ಕೆ ಬಾವಲಿಯ ಕಣ್ಣು ಅಂಟಿಸಿದರೆ ಗುರಿಯನ್ನು ತಾನೇ ಹುಡುಕಿಕೊಂಡು ಹೋಗುತ್ತದೆ, ಸೊಗಸು. ಆದರೆ ಪ್ರತಿ ಬಾಣಕ್ಕೂ ಹೊಸದಾಗಿ ಅಂಟಿಸಬೇಕು. ಬಿಲ್ಲು ಎಳೆದು, ಉದ್ದದ ಪಟ್ಟಿಯಲ್ಲಿ ಅಣಬೆ, ಸೇಬು, ಹರಳು, ಬಾಲ ಎಲ್ಲ ದಾಟಿಕೊಂಡು ಹೋಗಬೇಕು. ಹೆಚ್ಚು ಬಳಸಿದ್ದು ಮೊದಲು ಬರುವಂತೆ ಜೋಡಿಸಬಹುದು, ಆದರೂ ಬೇಕಾದ ನಾಲ್ಕನ್ನು ಒಂದು ಕಡೆ ಇಟ್ಟುಕೊಳ್ಳುವ ಸಣ್ಣ ಚಕ್ರವೊಂದನ್ನು ಯಾಕೆ ಕೊಡಲಿಲ್ಲವೋ. ಮುಂದಿನ ಭಾಗಕ್ಕೆ ನನ್ನ ಅರ್ಜಿಯ ಮೊದಲ ಸಾಲು ಇದೇ.

ಮಳೆಯಲ್ಲಿ ಬಂಡೆ ಹತ್ತಿದರೆ ಜಾರುವುದು ಹಾಗೇ ಇದೆ. ನಕ್ಷೆಯ ತುಂಬ ಹುಡುಕಿ ತರಬೇಕಾದ ಕೊರಾಕ್ ಬೀಜಗಳು 900 ಇದ್ದದ್ದು 1,000 ಆಗಿವೆ, ಕೇಳಿದವರು ಯಾರು? ನೆಲದಡಿಯ ಪಾತಾಳಲೋಕ ದೊಡ್ಡದು, ಕತ್ತಲೆ, ಬಹುಪಾಲು ಖಾಲಿ. ಆದರೂ ಅಲ್ಲಿನ 120 ಬೆಳಕಿನ ಬೇರುಗಳು ನೆಲದ ಮೇಲಿನ ಗುಡಿಗಳಿಗೆ ನೇರ ಕೆಳಗಿವೆ, ಹೆಸರುಗಳೂ ಆ ಗುಡಿಗಳ ಹೆಸರನ್ನೇ ತಿರುಗುಮುರುಗು ಮಾಡಿದ್ದು ಅಂತ ಹೊಳೆದ ರಾತ್ರಿ ನಿದ್ದೆ ಕೆಟ್ಟಿತ್ತು.

ಎರಡನೇ ಭಾಗ ಎಂದರೆ ನಕ್ಷೆ ದೊಡ್ಡದಾಗಬೇಕು ಅನ್ನುವ ಆಸೆ ನನಗೆ ಯಾವತ್ತೋ ಹೋಗಿದೆ. ಟಿಯರ್ಸ್ ಬ್ರೆತ್‌ನ ಹಳೇ ಹೈರೂಲ್ ನಾಡಿನ ನೆಲವನ್ನೇ ಇಟ್ಟುಕೊಂಡು ಮೇಲೊಂದು ಆಕಾಶ, ಕೆಳಗೊಂದು ಪಾತಾಳ ಸೇರಿಸಿತು, ನನಗೇನೂ ಮೋಸವೆನಿಸಲಿಲ್ಲ. 2018ರ ಜೂನ್‌ನಲ್ಲಿ ಬೆಟ್ಟಗಳ ಮೇಲೆ ಹಾದುಹೋಗುವ ಪುಟ್ಟ ಟೀಸರ್ ತೋರಿಸಿದಾಗಿನಿಂದ ದ ಎಲ್ಡರ್ ಸ್ಕ್ರೋಲ್ಸ್ 6ಕ್ಕೆ ಕಾಯುವವರಲ್ಲಿ ನಾನೂ ಇದ್ದೇನೆ. ನೆಲ ಎಷ್ಟು ದೊಡ್ಡದಿರುತ್ತದೆ ಅಂತ ಜನ ಚರ್ಚಿಸುತ್ತಾರೆ, ನನಗೆ ಚಿಂತೆ ಚೀಲದ್ದು. ಅದರ ಹಿಂದಿನ ಭಾಗವಾದ ಸ್ಕೈರಿಮ್‌ನಲ್ಲಿ ಹೊರಬಹುದಾದ ತೂಕ 300ರಿಂದ ಶುರು, ಒಂದು ಡ್ರ್ಯಾಗನ್ ಮೂಳೆಗೆ 15. ಮೂಗಿಗಿಂತ ಮೂಗುತಿ ಭಾರ. ಡ್ರ್ಯಾಗನ್ ಕೊಂದ ವೀರ ಬೆಟ್ಟದ ತುದಿಯಲ್ಲಿ ನಿಂತು ಚೀಲ ಬಿಚ್ಚಿ, ಚೀಸ್ ತಿನ್ನಲೋ ಪಾತ್ರೆ ಎಸೆಯಲೋ ಎಂದು ಯೋಚಿಸುವುದನ್ನು 2011ರಿಂದ ಮಾಡುತ್ತಿದ್ದೇನೆ. ಡಾಗ್ಮಾ 2ರಲ್ಲೂ ಇದೇ ಹೊರೆ, ಆದರೆ ಅಲ್ಲಿ ಬಂಟರ ಬೆನ್ನಿಗೆ ಹಂಚಬಹುದು.

ಯಾರಿಗೆ ಯಾವುದು ಅಂತ ಕೇಳಿದರೆ: ರಜೆ ಇದ್ದು, ಗಟ್ಟಿ ಕಂಪ್ಯೂಟರ್ ಇದ್ದು, ಕಳೆದುಕೊಳ್ಳುವುದರಲ್ಲೂ ಸುಖ ಕಾಣುವವರಾದರೆ ಡಾಗ್ಮಾ 2 ತೆಗೆದುಕೊಳ್ಳಿ, ಅದೂ ರಿಯಾಯಿತಿ ಬಂದಾಗ. ಬಂಟ ಹಣೆ ಒತ್ತಿಕೊಂಡರೆ ಮೊದಲು ಅವನನ್ನು ನದಿಗೆ ಎಸೆದು, ಆಮೇಲೆ ಛತ್ರಕ್ಕೆ ಹೋಗಿ. ನನ್ನಂತೆ ಗಂಟೆ ಲೆಕ್ಕದಲ್ಲಿ ಬದುಕುವವರಿಗೆ ಟಿಯರ್ಸ್, ಪೂರ್ತಿ ಬೆಲೆ ಕೊಟ್ಟರೂ ಸರಿಯೇ. ಡಾಗ್ಮಾಕ್ಕೆ ಮೂರನೇ ಭಾಗ ಬಂದರೆ ಮೊದಲ ವಾರ ನಾನಂತೂ ಕೊಳ್ಳುವುದಿಲ್ಲ. ಯಾರಾದರೂ ಅದರ ಸೇವ್ ಪುಟದ ಚಿತ್ರ ತೋರಿಸುವವರೆಗೆ ಕಾಯುತ್ತೇನೆ.