ಚಿಗರಿ ಬಸ್ಸಿನಲ್ಲಿ ಓದಿದ ಇಬ್ಬರು ಕಳ್ಳರು

ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಓಡಾಡುವವನು ನಾನು. ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಕಂಬ. ಈ ಮಳೆಗಾಲ ಹೋಗುವಾಗ ಆರ್ಸೆನ್ ಲೂಪಿನ್ ಕಥೆಗಳು, ಬರುವಾಗ ರಾಫಲ್ಸ್ ಕಥೆಗಳು ಅಂತ ಹಂಚಿಕೊಂಡು ಓದಿದೆ. ಇಬ್ಬರೂ ಕೋಟು ಹಾಕಿದ ಸಭ್ಯ ಕಳ್ಳರೇ, ಆದರೆ ಕೊಡುವ ಮಜಾ ಬೇರೆ.

ಲೂಪಿನ್‌ನನ್ನು 1905ರಲ್ಲಿ ಹುಟ್ಟಿಸಿದ್ದು ಫ್ರಾನ್ಸಿನ ಲೇಖಕ ಮಾರಿಸ್ ಲೆಬ್ಲಾಂ. ಲೂಪಿನ್‌ಗೆ ಹೆದರಿಕೆ ಅನ್ನೋದೇ ಗೊತ್ತಿಲ್ಲ. ಜೈಲಿನಲ್ಲಿ ಕೂತು ಒಬ್ಬ ಶ್ರೀಮಂತನಿಗೆ ಪತ್ರ ಬರೆಯುತ್ತಾನೆ: ನಿಮ್ಮ ಮನೆಯ ಇಂತಿಂಥ ಚಿತ್ರ, ಇಂತಿಂಥ ಸಾಮಾನು ಎಂಟು ದಿನದೊಳಗೆ ಕಳಿಸಿ, ಸಾಗಣೆ ಖರ್ಚು ನೀವೇ ಕೊಡಿ, ಇಲ್ಲದಿದ್ದರೆ ನಾನೇ ಬಂದು ಒಯ್ಯುತ್ತೇನೆ. ಜೊತೆಗೆ ಇನ್ನೊಂದು ಮಾತು, ಆ ದೊಡ್ಡ ಚಿತ್ರ ಮಾತ್ರ ಬೇಡ, ಅದು ನಕಲು! ನವನಗರದ ಹತ್ತಿರ ನಾನು ಒಬ್ಬನೇ ನಕ್ಕೆ. ಪಕ್ಕದ ಅಜ್ಜಿ ಸ್ವಲ್ಪ ಸರಿದು ಕೂತರು.

ರಾಫಲ್ಸ್ ಇವನಿಗಿಂತ ಹಿರಿಯ, 1898ರವನು. ಬರೆದ ಹಾರ್ನಂಗ್, ಷರ್ಲಾಕ್ ಹೋಮ್ಸ್ ಬರೆದ ಕಾನನ್ ಡಾಯ್ಲ್ ಅವರ ತಂಗಿಯ ಗಂಡ. ಒಂದೇ ಬೀಗಸ್ತನದಲ್ಲಿ ಪತ್ತೇದಾರನೂ ಕಳ್ಳನೂ! ರಾಫಲ್ಸ್ ಒಳ್ಳೆ ಕ್ರಿಕೆಟಿಗ, ಸ್ಲೋ ಬೌಲರ್. ದೊಡ್ಡ ಮನೆಗಳಿಗೆ ಆಟಕ್ಕೆ ಅಂತ ಕರೆಸಿಕೊಂಡು ಅಲ್ಲೇ ಕೈ ಹಾಕುತ್ತಾನೆ. ಕದಿಯುವ ಉಪಾಯದಲ್ಲಿ ಮಾತ್ರ ಲೂಪಿನ್ ಹತ್ತಿರವೂ ಬರಲ್ಲ. ಹಳೇ ಇಂಗ್ಲಿಷ್ ಬೇರೆ, ಮೊದಲ ವಾರ ಆಕಳಿಕೆ ಬಂತು.

ಆಮೇಲೆ ಹಿಡಿದಿಟ್ಟದ್ದು ಕಥೆ ಹೇಳುವ ರಾಫಲ್ಸ್‌ನ ಗೆಳೆಯ. ಅವನ ಹೆಸರು ಬನ್ನಿ. ದಸರೆಗೆ ನಾವು ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅಂತೀವಲ್ವಾ, ಇಲ್ಲಿ ಬನ್ನಿಯೇ ಬಂಗಾರ ಕದಿಯಲು ಹೊರಡುತ್ತಾನೆ. ಇಸ್ಪೀಟಿನಲ್ಲಿ ಸೋತು, ಕೊಟ್ಟ ಚೆಕ್ಕಿಗೆ ಬ್ಯಾಂಕಿನಲ್ಲಿ ದುಡ್ಡಿಲ್ಲದೆ, ಸಾಯುವ ಯೋಚನೆಯಲ್ಲಿ ರಾತ್ರಿ ರಾಫಲ್ಸ್ ಮನೆಗೆ ಬರುತ್ತಾನೆ. ನೋಡಿದರೆ ಅವನ ಜೇಬೂ ಖಾಲಿ. ಅದೇ ರಾತ್ರಿ ಇಬ್ಬರೂ ಒಡವೆ ಅಂಗಡಿಗೆ ನುಗ್ಗುತ್ತಾರೆ. ಕತ್ತಲಲ್ಲಿ ಕಾವಲು ನಿಂತ ಬನ್ನಿಯ ಎದೆಬಡಿತ ನನಗೇ ಕೇಳಿಸಿತು. ತಪ್ಪು ಅಂತ ಗೊತ್ತು, ಆದರೂ ಗೆಳೆಯನನ್ನು ಬಿಟ್ಟು ಹೋಗಲಾರ. ಲೂಪಿನ್ ಸಿಕ್ಕಿಬಿದ್ದರೂ ನಾನು ಒಮ್ಮೆಯೂ ಹೆದರಲಿಲ್ಲ, ಹೇಗೂ ಪಾರಾಗುತ್ತಾನೆ ಬಿಡಿ.

ಸಭ್ಯ ಕಳ್ಳನ ರುಚಿ ನೋಡಬೇಕು ಅನ್ನುವವರು ಲೂಪಿನ್‌ನಿಂದಲೇ ಶುರುಮಾಡಿ. ಟೋಲ್ ನಾಕಾದಲ್ಲಿ ಶುರುಮಾಡಿದ ಕಥೆ ಹೊಸೂರು ಬರುವಷ್ಟರಲ್ಲಿ ಮುಗಿಯುತ್ತದೆ. ಆದರೆ ಗುಟ್ಟು ಗೊತ್ತಾದ ಮೇಲೆ ಎರಡನೇ ಸಲ ಸಪ್ಪೆ. ಅದಕ್ಕೇ ಆ ಪುಸ್ತಕ ಗೆಳೆಯನಿಗೆ ಕೊಟ್ಟೆ. ಇನ್ನೂ ವಾಪಸ್ ಬಂದಿಲ್ಲ, ನಾನೂ ಕೇಳಿಲ್ಲ. ರಾಫಲ್ಸ್ ಮಾತ್ರ ಯಾರಿಗೂ ಕೊಡಲ್ಲ.